ಕಬ್ಬಿಣದ ಸೇತುವೆ ಮತ್ತು ಆರು ಚಪ್ಪಡಿ

ವಿದೇಶಕ್ಕೆ ಹೋಗಿ ಬಂದವರ ಬರಹಗಳನ್ನು ಓದಿ ಓದಿ ನನಗೆ ರೇಜಿಗೆಯಾಗಿದೆ. ಅಲ್ಲಿ ಬೀದಿಯಲ್ಲಿ ಕಸವಿಲ್ಲ, ಯಾರೂ ಹಾರನ್ ಹೊಡೆಯುವುದಿಲ್ಲ, ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ, ಆ ಶಿಸ್ತು ನಮ್ಮ ಜನಕ್ಕೆ ಯಾವ ಜನ್ಮಕ್ಕೆ ಬಂದೀತು ಎಂದು ಶುರುವಾಗಿ ಅಲ್ಲಿಗೇ ಮುಗಿಯುತ್ತವೆ. ಓದಿದವನಿಗೆ ಉಳಿಯುವುದು ಒಂದಿಷ್ಟು ನಾಚಿಕೆ, ಬರೆದವನಿಗೆ ಉಳಿಯುವುದು ಒಂದಿಷ್ಟು ಹಿರಿಮೆ. ನಾಚಿಕೆಯಿಂದ ಯಾವ ಊರಿನ ಚರಂಡಿಯೂ ಶುದ್ಧವಾದದ್ದನ್ನು ನಾನು ಕಂಡಿಲ್ಲ.

ನಾನೂ ಹೋಗಿ ಬಂದೆ. 2023ರ ಮೇ ತಿಂಗಳಲ್ಲಿ ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ಜರ್ಮನಿಯ ಫ್ರಾಂಕ್‌ಫರ್ಟಿಗೆ ಹೊರಟಾಗ, ಮೂಟೆ ಹೊರಲು ಒಬ್ಬ ಬೇಕಲ್ಲ ಎಂದು ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿನ ಶಿಸ್ತಿನ ವಿಷಯ ನಾನು ಬರೆಯುವುದಿಲ್ಲ. ನಾನು ಬರೆಯಬೇಕೆಂದಿರುವುದು ಒಂದು ಕಾಲುಸೇತುವೆಯ ಬಗ್ಗೆ. ಅದೂ ನಮ್ಮ ಹಳ್ಳಿಯ ಆರು ಕಲ್ಲುಚಪ್ಪಡಿಯ ಜಗಳ ಬೆನ್ನಿಗಿಲ್ಲದಿದ್ದರೆ ಬರೆಯುತ್ತಿರಲಿಲ್ಲ. ಆ ಜಗಳದಲ್ಲಿ ನಾನು ತಪ್ಪು ಪಕ್ಷದಲ್ಲಿದ್ದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಚೇಳೂರು ದಾಟಿ ನಮ್ಮ ಹಳ್ಳಿಗೆ ಬರುವ ದಾರಿಯಲ್ಲಿ ಒಂದು ಹಳ್ಳವಿದೆ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಹರಿಯುವುದು ಇದರಲ್ಲೇ. ಅಗಲ ಇಪ್ಪತ್ತೈದು ಅಡಿ ಇದ್ದೀತು. ಹಳ್ಳದ ಈಚೆಗೆ ಊರು. ಆಚೆಗೆ ಶಾಲೆ, ಹಾಲಿನ ಡೇರಿ, ಬಸ್ಸು ನಿಲ್ಲುವ ಜಾಗ. ನಾನು ಹುಡುಗನಾಗಿದ್ದಾಗ ಹಳ್ಳದ ನಡುವೆ ಎರಡು ಸಾಲು ಕಲ್ಲುಕಂಬ ನೆಟ್ಟು, ಮೇಲೆ ಜೋಡಿ ಜೋಡಿಯಾಗಿ ಆರು ಚಪ್ಪಡಿ ಹಾಸಿದ್ದರು. ಹಾಕಿಸಿದವರ ಹೆಸರು ಎಲ್ಲೂ ಕೆತ್ತಿರಲಿಲ್ಲ. ಕೇಳಿದರೆ ‘ಊರೋರು ಹಾಕಿದ್ದು’ ಎನ್ನುತ್ತಿದ್ದರು. ಹಲಸಿನ ಕಾಲದಲ್ಲಿ ಚೇಳೂರಿಗೆ ಹಣ್ಣು ಹೊತ್ತು ಹೊರಟವರು ಆ ಚಪ್ಪಡಿಯ ಮೇಲೆ ಹೊರೆ ಇಳಿಸಿ, ಕಾಲು ಇಳಿಬಿಟ್ಟು, ಒಂದು ಬೀಡಿ ಸೇದಿ ಮುಂದೆ ಹೋಗುತ್ತಿದ್ದರು. ಎತ್ತಿನ ಗಾಡಿಗೆ ಪಕ್ಕದಲ್ಲೇ ಹಳ್ಳಕ್ಕೆ ಇಳಿಯುವ ದಾರಿಯಿತ್ತು. ಗಾಡಿ ಇಳಿದು ಹತ್ತಬೇಕು, ಮನುಷ್ಯ ಕಾಲು ನೆನೆಯದೆ ಹೋಗಬೇಕು. ಹಳೆಯವರ ಲೆಕ್ಕ ಅದು.

2009ರಲ್ಲಿ ಒಬ್ಬ ಗುತ್ತಿಗೆದಾರ ಬಂದು ಚಪ್ಪಡಿ ಕಿತ್ತು, ಕಂಬ ಉರುಳಿಸಿ, ನಾಲ್ಕು ಸಿಮೆಂಟ್ ಪೈಪು ಹೂಳಿ ಮೇಲೆ ಮಣ್ಣು ಸುರಿದು ಮೋರಿ ಮಾಡಿದ. ಟ್ರ್ಯಾಕ್ಟರು ಓಡಾಡುವಂತಾಯಿತು ಎಂದು ನಾವೆಲ್ಲ ಹಿಗ್ಗಿದೆವು. ಆರು ಚಪ್ಪಡಿ ಎಲ್ಲಿ ಹೋದವೋ ಯಾರೂ ಕೇಳಲಿಲ್ಲ. ಒಂದು ಮಾತ್ರ ಈಗಲೂ ಒಬ್ಬರ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ. 2022ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಕೆರೆಗಳೆಲ್ಲ ತುಂಬಿ ಕೋಡಿ ಬಿದ್ದವಲ್ಲ, ಆಗ ಪೈಪಿಗೆ ಕಸ ಕಟ್ಟಿ, ನೀರು ಮೇಲೆ ಹತ್ತಿ, ಮೋರಿ ಒಂದೇ ರಾತ್ರಿಗೆ ಕೊಚ್ಚಿಹೋಯಿತು. ಹಳೆಯ ಚಪ್ಪಡಿಯ ಕೆಳಗೆ ನೀರು ಹೋಗಲು ಜಾಗವಿತ್ತು. ಪೈಪಿನಲ್ಲಿ ಇರಲಿಲ್ಲ. ಇಷ್ಟು ತಿಳಿಯಲು ನಮಗೆ ಹದಿಮೂರು ವರ್ಷ ಬೇಕಾಯಿತು.

ನೀರು ಇಳಿದ ಮೇಲೆ ಯಾರೋ ಎರಡು ತೆಂಗಿನ ಮರ ಕಡಿದು ಅಡ್ಡ ಹಾಕಿದರು. ಮಕ್ಕಳು ಶಾಲೆಗೆ, ಹೆಂಗಸರು ಹಾಲಿನ ಕ್ಯಾನು ಹಿಡಿದು ಡೇರಿಗೆ, ಮುದುಕರು ಪಿಂಚಣಿಗೆ ಅದರ ಮೇಲೇ ಹೋದರು. 2023ರ ಜನವರಿಯಲ್ಲಿ ಊರಿನ ಅರಳಿಕಟ್ಟೆಯಲ್ಲಿ ಸಭೆ ಸೇರಿತು. ಅರವತ್ತು ಮನೆ, ಮನೆಗೆ ಎರಡು ಸಾವಿರ ಹಾಕಿದರೆ ಮೊದಲಿನ ಹಾಗೆ ಕಂಬ ನೆಟ್ಟು ಚಪ್ಪಡಿ ಹಾಸಬಹುದು ಎಂದರು. ‘ಹಾಕ್ಬುಡಾನ, ಏನಂತೀರಾ ಮೇಷ್ಟ್ರೇ?’ ಎಂದು ನನ್ನ ಕಡೆ ತಿರುಗಿದರು.

ಮೂವತ್ತೆರಡು ವರ್ಷ ಪಾಠ ಹೇಳಿದವನಿಗೆ ಭಾಷಣ ಮಾಡುವ ಚಟ ಬಿಡುವುದಿಲ್ಲ. ನಾನು ಎದ್ದು ನಿಂತು ಹೇಳಿದೆ: ‘ನಾವು ತೆರಿಗೆ ಕೊಡುತ್ತೇವೆ. ಸೇತುವೆ ಕಟ್ಟುವುದು ಸರ್ಕಾರದ ಕೆಲಸ. ನಾವೇ ಕಟ್ಟಿಕೊಂಡರೆ ಅವರು ಕೈ ತೊಳೆದುಕೊಳ್ಳುತ್ತಾರೆ. ನಾಳೆ ಶಾಲೆಗೂ ನೀವೇ ಹೆಂಚು ಹೊದಿಸಿ ಅನ್ನುತ್ತಾರೆ. ಹಕ್ಕನ್ನು ಬೇಡಬೇಕೇ ಹೊರತು ಬಿಟ್ಟುಕೊಡಬಾರದು.’ ಜನ ತಲೆದೂಗಿದರು. ಎರಡು ಸಾವಿರ ಉಳಿಯಿತಲ್ಲ ಎಂದೂ ಕೆಲವರು ತಲೆದೂಗಿರಬಹುದು. ನಾನೇ ಅರ್ಜಿ ಬರೆದೆ. ಒಳ್ಳೆಯ ಕನ್ನಡದಲ್ಲಿ, ಮೂರು ಪುಟ. ಕಚೇರಿಯಲ್ಲಿ ಅದಕ್ಕೆ ಮೊಹರು ಹಾಕಿ ಸ್ವೀಕೃತಿ ಕೊಟ್ಟರು. ಸ್ವೀಕೃತಿ ಈಗಲೂ ನನ್ನ ಹತ್ತಿರ ಭದ್ರವಾಗಿದೆ. ಮೇ ತಿಂಗಳಲ್ಲಿ ನಾನು ವಿಮಾನ ಹತ್ತಿದೆ.

ಫ್ರಾಂಕ್‌ಫರ್ಟಿನಲ್ಲಿ ಬೆಳಗಿನ ಹೊತ್ತು ನನಗೆ ಮನೆಯಲ್ಲಿ ಕೆಲಸವಿರಲಿಲ್ಲ. ಅಳಿಯ ಒಂದು ಟ್ರಾಮಿನ ಪಾಸು ಕೊಡಿಸಿ, ‘ಮಾವ, ನದಿ ಕಡೆ ಹೋಗಿ ಬನ್ನಿ, ಚೆನ್ನಾಗಿರುತ್ತೆ’ ಎಂದ. ನದಿಯ ಹೆಸರು ಮೈನ್. ಊರಿನ ನಡುವೆ ಹರಿಯುತ್ತದೆ. ಉತ್ತರ ದಡದಲ್ಲಿ ಹಳೆಯ ಪೇಟೆ, ರೋಮರ್ ಎಂಬ ಹಳೆಯ ನಗರಸಭೆಯ ಕಟ್ಟಡ. ದಕ್ಷಿಣ ದಡದಲ್ಲಿ ಸಾಕ್ಸನ್‌ಹೌಸನ್ ಎಂಬ ಬಡಾವಣೆ. ಈ ಎರಡನ್ನೂ ಸೇರಿಸುವ ಒಂದು ಕಬ್ಬಿಣದ ಕಾಲುಸೇತುವೆಯಿದೆ. ಅದರ ಹೆಸರೇ ಐಸರ್ನರ್ ಸ್ಟೇಗ್, ಅಂದರೆ ಕಬ್ಬಿಣದ ಕಾಲುಸೇತುವೆ. ನಮ್ಮ ಹಳ್ಳಿಯವರು ಇಡಬಹುದಾದಂಥ ಹೆಸರು. ಯಾವ ಮಹಾರಾಜನೂ ಇಲ್ಲ, ಯಾವ ಮಂತ್ರಿಯೂ ಇಲ್ಲ.

ಉದ್ದ ಸುಮಾರು 170 ಮೀಟರ್. ವಾಹನ ಹೋಗುವಂತಿಲ್ಲ. ಎರಡೂ ಕಡೆ ಮೆಟ್ಟಿಲು ಹತ್ತಿ ಇಳಿಯಬೇಕು. ಕಂಬಿಗಳ ತುಂಬ ಪ್ರೇಮಿಗಳು ಹೆಸರು ಕೆತ್ತಿಸಿ ಸಿಕ್ಕಿಸಿದ ಬೀಗಗಳು, ಸಾವಿರಾರು. ಮೇಲೆ ಗ್ರೀಕ್ ಅಕ್ಷರದಲ್ಲಿ ಒಂದು ಬರಹ. ಬೇರೆ ಮಾತಾಡುವ ಜನರ ಕಡೆಗೆ ಕಡಲ ಮೇಲೆ ಹೋಗುವ ವಿಷಯ, ಹೋಮರನದು ಎಂದು ಮಗಳು ಆಮೇಲೆ ಹೇಳಿದಳು. ಸೇತುವೆಯ ಉತ್ತರದ ಬುಡದಲ್ಲಿ ನಿಂತರೆ ರೆಂಟನ್‌ಟುರ್ಮ್ ಎಂಬ ಕಲ್ಲಿನ ಗೋಪುರ ಕಾಣುತ್ತದೆ. 1456ರಲ್ಲಿ ಮುಗಿದದ್ದು. ಆ ಕಾಲದಲ್ಲಿ ಊರಿನ ಬಂದರು ಇದೇ ದಂಡೆ. ಸರಕು ತಂದ ದೋಣಿಗಳು ಇಲ್ಲಿ ನಿಂತು, ಆ ಗೋಪುರದಲ್ಲಿ ಸುಂಕ ಕಟ್ಟಿ, ಪಕ್ಕದ ಬಾಗಿಲಿನಿಂದ ಪೇಟೆಗೆ ಮಾಲು ಸಾಗಿಸುತ್ತಿದ್ದವು. ಸೇತುವೆಯ ಬುಡದ ಕಲ್ಲಿನಲ್ಲಿ ಯಾವ ವರ್ಷ ಪ್ರವಾಹ ಎಲ್ಲಿಯವರೆಗೆ ಏರಿತ್ತು ಎಂದು ಗೆರೆ ಕೊರೆದು ಇಸವಿ ಬರೆದಿದ್ದಾರೆ. ನಾನು ಆ ಗೆರೆಗಳ ಮುಂದೆ ತುಂಬ ಹೊತ್ತು ನಿಂತೆ. ನೀರು ಎಲ್ಲಿಗೆ ಬಂದಿತ್ತು ಎಂದು ಒಂದು ಗೆರೆ ಎಳೆದಿಡುವುದಕ್ಕೆ ಎಷ್ಟು ಖರ್ಚಾದೀತು? ನಮ್ಮ ಹಳ್ಳದ ಪಕ್ಕ ಅಂಥ ಒಂದು ಕಲ್ಲಿದ್ದಿದ್ದರೆ, ಪೈಪು ತಂದ ಗುತ್ತಿಗೆದಾರನಿಗೆ ತೋರಿಸಬಹುದಿತ್ತು.

ಹೀಗೆ ಮೂರನೆಯ ದಿನವೋ ನಾಲ್ಕನೆಯ ದಿನವೋ ಸೇತುವೆಯ ಮೇಲಿದ್ದಾಗ ಊರಿನಿಂದ ಫೋನು ಬಂತು. ನಮ್ಮ ಬೀದಿಯ ಅಕ್ಕ, ನನ್ನ ಸ್ವಂತ ಅಕ್ಕನಲ್ಲ, ಆದರೆ ಹುಟ್ಟಿದಾಗಿನಿಂದ ಅಕ್ಕ ಎಂದೇ ಕರೆದವನು ನಾನು, ಡೇರಿಗೆ ಹಾಲು ಹಾಕಿ ವಾಪಸು ಬರುವಾಗ ತೆಂಗಿನ ಮರದ ಮೇಲಿಂದ ಜಾರಿ ಹಳ್ಳಕ್ಕೆ ಬಿದ್ದಿದ್ದಳು. ಪ್ರವಾಹ ಇರಲಿಲ್ಲ. ತುಂತುರು ಮಳೆ ಬಂದು ಮರ ನೆನೆದಿತ್ತು, ಅಷ್ಟೆ. ಒಣ ಹಳ್ಳದ ಕಲ್ಲಿನ ಮೇಲೆ ಬಿದ್ದು ಸೊಂಟದ ಮೂಳೆ ಮುರಿದಿತ್ತು. ತುಮಕೂರಿಗೆ ಸಾಗಿಸಿದ್ದರು. ಫೋನು ಮಾಡಿದ ಹುಡುಗ ಕೊನೆಗೆ ಕೇಳಿದ: ‘ಮೇಷ್ಟ್ರೇ, ಆ ಅರ್ಜಿ ಏನಾಯ್ತು ಅಂತ ಯಾರನ್ನ ಕೇಳ್ಬೇಕು?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ದಿನದಿಂದ ಆ ಸೇತುವೆಯನ್ನು ನೋಡುವ ನನ್ನ ಕಣ್ಣು ಬೇರೆಯಾಯಿತು. ಇದನ್ನು ಕಟ್ಟಿದವರು ಯಾರು, ದುಡ್ಡು ಕೊಟ್ಟವರು ಯಾರು, ಮುರಿದವರು ಯಾರು, ಮತ್ತೆ ಕಟ್ಟಿದ್ದು ಯಾವಾಗ ಎಂದು ಮಗಳ ತಲೆ ತಿಂದೆ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳು ಜರ್ಮನ್ ಪುಸ್ತಕ ಓದಿ ಹೇಳಿದಳು, ನಾನು ಬರೆದುಕೊಂಡೆ.

ಫ್ರಾಂಕ್‌ಫರ್ಟ್ ಮೊದಲು ಸ್ವತಂತ್ರ ನಗರ. 1866ರಲ್ಲಿ ಪ್ರಷ್ಯಾ ಅದನ್ನು ನುಂಗಿತು. ನಗರಸಭೆಯ ಬೊಕ್ಕಸದಲ್ಲಿ ಹೊಸ ಸೇತುವೆಗೆ ಹಣವಿಲ್ಲ. ಇದ್ದ ಹಳೆಯ ಕಲ್ಲಿನ ಸೇತುವೆಯ ಮೇಲೆ ಗಾಡಿಗಳ ನೂಕುನುಗ್ಗಲು. ಆಗ ಊರಿನವರೇ ಒಂದು ಸಂಘ ಮಾಡಿಕೊಂಡು ಹಣ ಹಾಕಿದರು. ಪೀಟರ್ ಶ್ಮಿಕ್ ಎಂಬ ಎಂಜಿನಿಯರು ನಕ್ಷೆ ಮಾಡಿದ. 1868ರಲ್ಲಿ ಕೆಲಸ ಶುರುವಾಗಿ 1869ರಲ್ಲಿ ಸೇತುವೆ ತೆರೆಯಿತು. ದಾಟುವವರು ಒಂದು ಕ್ರೋಯ್‌ತ್ಸರ್ ಕೊಡಬೇಕು. ಅದು ಆ ಕಾಲದ ಚಿಲ್ಲರೆ ಕಾಸು. ಹಾಕಿದ ಹಣ ಹುಟ್ಟುವವರೆಗೆ ವಸೂಲಿ ಮಾಡಿ, 1886ರಲ್ಲಿ ಸುಂಕ ನಿಲ್ಲಿಸಿ, ಸೇತುವೆಯನ್ನು ನಗರಸಭೆಗೆ ಒಪ್ಪಿಸಿಬಿಟ್ಟರು. ನದಿಯಲ್ಲಿ ದೊಡ್ಡ ಹಡಗು ಓಡಾಡತೊಡಗಿದಾಗ, 1911 ಮತ್ತು 1912ರಲ್ಲಿ ಅದೇ ನಗರಸಭೆ ಹಳೆಯದನ್ನು ತೆಗೆದು ಹೆಚ್ಚು ಎತ್ತರದ ಹೊಸ ಸೇತುವೆ ನಿಲ್ಲಿಸಿತು. ಇದು ನಮ್ಮದಲ್ಲ, ಯಾರೋ ಕಟ್ಟಿಕೊಂಡದ್ದು ಎಂದು ಹೇಳಲು ಅದಕ್ಕೆ ಬಾಯಿರಲಿಲ್ಲ. ಲೆಕ್ಕ ಸಮೇತ ಒಪ್ಪಿಸಿಕೊಂಡಿತ್ತಲ್ಲ.

ನನ್ನ ಜನವರಿಯ ಭಾಷಣಕ್ಕೆ ಇಲ್ಲಿ ಪೆಟ್ಟು ಬಿತ್ತು. ಜನ ಕಟ್ಟಿದರೆ ಸರ್ಕಾರ ಕೈ ತೊಳೆದುಕೊಳ್ಳುತ್ತದೆ ಎಂದೆನಲ್ಲ, ಇಲ್ಲಿ ಜನ ಕಟ್ಟಿ ಸರ್ಕಾರದ ಕೈಗೆ ಅಂಟಿಸಿದ್ದರು. ತೊಳೆದರೂ ಹೋಗದ ಹಾಗೆ.

ಇನ್ನು ಮುರಿದವರ ವಿಷಯ. 1944ರ ಮಾರ್ಚ್ ತಿಂಗಳ ಬಾಂಬ್ ದಾಳಿಗಳಲ್ಲಿ, ಅದರಲ್ಲೂ 22ರ ರಾತ್ರಿ, ಈ ಊರಿನ ಹಳೆಯ ಪೇಟೆ ಸುಟ್ಟು ಬೂದಿಯಾಯಿತು. ಮರದ ಚೌಕಟ್ಟಿನ ನೂರಾರು ವರ್ಷದ ಮನೆಗಳು ಹೇಳಹೆಸರಿಲ್ಲದಂತೆ ಹೋದವು. ಆದರೆ ಕಾಲುಸೇತುವೆಯನ್ನು ಕೆಡವಿದ್ದು ಆ ಬಾಂಬಲ್ಲ. 1945ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಸೈನ್ಯ ಹತ್ತಿರ ಬಂದಾಗ, ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯವೇ ಮದ್ದಿಟ್ಟು ಅದನ್ನು ಸಿಡಿಸಿತು. ಯುದ್ಧ ಸೋತದ್ದು ಮಗುವಿಗೂ ಗೊತ್ತಿದ್ದ ದಿನಗಳವು. ಆರು ವಾರಕ್ಕೆ ಯುದ್ಧವೇ ಮುಗಿಯಿತು. ಕಾಲುಸೇತುವೆ ಬಿದ್ದದ್ದರಿಂದ ಟ್ಯಾಂಕುಗಳು ನಿಲ್ಲಲಿಲ್ಲ. ನಿಂತದ್ದು ಆಚೆ ದಡದ ಬಂಧುಬಳಗಕ್ಕೆ, ಕೆಲಸಕ್ಕೆ, ರೊಟ್ಟಿಗೆ ನಡೆದು ಹೋಗುತ್ತಿದ್ದವರು. ಜನರ ಕಾಸಿನಿಂದ ಹುಟ್ಟಿದ ಸೇತುವೆಯನ್ನು ಜನರ ಹೆಸರಿನಲ್ಲಿ ಹೋರಾಡುತ್ತಿದ್ದವರೇ ಒಡೆದರು. ಇದನ್ನು ಓದಿದಾಗ ನನಗೆ ದೂರದ ಕಥೆ ಎನ್ನಿಸಲಿಲ್ಲ. ನಮ್ಮ ಆರು ಚಪ್ಪಡಿಯನ್ನೂ ಶತ್ರು ಬಂದು ಕೀಳಲಿಲ್ಲ. ಅಭಿವೃದ್ಧಿಯ ಹೆಸರಿನಲ್ಲಿ ನಮ್ಮವರೇ ಕಿತ್ತರು, ನಾವು ನಿಂತು ನೋಡಿ ಹಿಗ್ಗಿದೆವು.

ಮತ್ತೆ ಕಟ್ಟಿದ್ದು ಯಾವಾಗ? 1946ರಲ್ಲಿ. ಆ ಇಸವಿಯನ್ನು ನಾನು ಮಗಳ ಬಾಯಲ್ಲಿ ಎರಡು ಸಲ ಹೇಳಿಸಿದೆ. ಆ ಊರಿನ ಸ್ಥಿತಿ ನೆನೆಯಿರಿ. ತಲೆಯ ಮೇಲೆ ಸೂರಿಲ್ಲ, ಅನ್ನಕ್ಕೆ ರೇಷನ್ ಚೀಟಿ, ಬೀದಿ ಬೀದಿಯಲ್ಲಿ ಇಟ್ಟಿಗೆಯ ರಾಶಿ. 1946ರ ಅಕ್ಟೋಬರಿನಲ್ಲಿ ಹೊಸ ಮೇಯರ್ ವಾಲ್ಟರ್ ಕೋಲ್ಬ್ ಊರವರನ್ನೆಲ್ಲ ಕರೆದು, ತಾನೂ ಬೀದಿಗಿಳಿದು ಆ ರಾಶಿ ತೆಗೆಯಲು ನಿಂತ. ಗಯಟೆ ಹುಟ್ಟಿದ ಮನೆಯನ್ನು ಮತ್ತೆ ಕಟ್ಟಬೇಕೇ ಬೇಡವೇ ಎಂದು ಪಂಡಿತರು ವಾದ ಮಾಡಿ, ಅದು ಮೊದಲಿದ್ದಂತೆ ಎದ್ದು ನಿಂತದ್ದು 1951ಕ್ಕೆ. ರೋಮರ್ ಎದುರಿನ ಮನೆಸಾಲು ಎದ್ದದ್ದು 1980ರ ದಶಕದಲ್ಲಿ. ಅದರ ಹಿಂದಿನ ಪೇಟೆಯನ್ನು ಹಳೆಯ ಮಾದರಿಯಲ್ಲೇ ಕಟ್ಟಿ ಮುಗಿಸಿದ್ದು 2018ರಲ್ಲಿ. ಕವಿಯ ಮನೆ ಏಳು ವರ್ಷ ಕಾಯಿತು, ಪೇಟೆ ಎಪ್ಪತ್ತು ವರ್ಷ ಕಾಯಿತು. ನಡೆಯುವವರ ಸೇತುವೆ ಎರಡನೆಯ ವರ್ಷ ದಾಟುವಷ್ಟೂ ಕಾಯಲಿಲ್ಲ. ಸೌಂದರ್ಯಕ್ಕೆ ಕಟ್ಟಿದ್ದಲ್ಲ, ಪರಂಪರೆಗೆ ಕಟ್ಟಿದ್ದಲ್ಲ. ದಾಟಬೇಕಾಗಿತ್ತು, ಕಟ್ಟಿದರು.

ಇಷ್ಟು ಹೇಳಿದ ಕೂಡಲೇ ಜರ್ಮನರನ್ನು ದೇವರ ಪಟಕ್ಕೇರಿಸಬೇಡಿ. ಅದೇ ನದಿಯ ದಂಡೆಯಲ್ಲಿ ಪೂರ್ವಕ್ಕೆ ಒಂದಷ್ಟು ದೂರ ನಡೆದರೆ ಹಳೆಯ ಸಗಟು ತರಕಾರಿ ಮಾರುಕಟ್ಟೆಯ ಕಟ್ಟಡ ಸಿಗುತ್ತದೆ. ಈಗ ಅದು ಯುರೋಪಿನ ಕೇಂದ್ರ ಬ್ಯಾಂಕಿನ ಆವರಣದಲ್ಲಿದೆ. 1941ರಿಂದ ಅದರ ನೆಲಮಾಳಿಗೆಯಲ್ಲೇ ಈ ಊರಿನ ಯಹೂದಿಗಳನ್ನು ಕೂಡಿಹಾಕಿ, ರೈಲಿಗೆ ತುಂಬಿ ಸಾವಿನ ಕಡೆಗೆ ಕಳಿಸಿದರು. ಸುಮಾರು 10,000 ಜನ. ಕಾಲುಸೇತುವೆಗೆ ಕಾಸು ಕೊಟ್ಟವರ ಮೊಮ್ಮಕ್ಕಳೇ ಅದನ್ನು ಕಂಡೂ ಸುಮ್ಮನಿದ್ದರು. ಜನ ಒಳ್ಳೆಯವರಾಗಿದ್ದರಿಂದ ಸೇತುವೆ ನಿಂತಿತು ಎಂದು ನಾನು ಹೇಳುತ್ತಿಲ್ಲ. ಸೇತುವೆ ಯಾರದು, ಕಾಸು ಯಾರದು, ಬಿದ್ದರೆ ಕೇಳುವುದು ಯಾರನ್ನು ಎಂಬ ಮೂರು ಪ್ರಶ್ನೆಗೆ ಉತ್ತರವಿತ್ತು. ಅದರಿಂದ ನಿಂತಿತು.

ಕಾಸು ಕೊಟ್ಟರೆ ಸಾಕು ಎಂದೂ ತಿಳಿಯಬೇಡಿ. ಗುಜರಾತಿನ ಮೋರ್ಬಿಯಲ್ಲಿ ಮಚ್ಚು ನದಿಗೆ ಒಂದು ತೂಗುಸೇತುವೆಯಿತ್ತು. ಅದೂ ಕಾಲುಸೇತುವೆ, ಅದೂ ಹತ್ತೊಂಬತ್ತನೆಯ ಶತಮಾನದ್ದು. ದುರಸ್ತಿಯ ಹೊಣೆಯನ್ನು ಒಂದು ಖಾಸಗಿ ಕಂಪನಿಗೆ ಒಪ್ಪಿಸಿದ್ದರು. ತಿಂಗಳುಗಟ್ಟಲೆ ಮುಚ್ಚಿಟ್ಟು 2022ರ ಅಕ್ಟೋಬರ್ 26ರಂದು ಮತ್ತೆ ತೆರೆದರು. ದಾಟಲು ಟಿಕೆಟ್ ಇತ್ತು. ನಾಲ್ಕು ದಿನಕ್ಕೆ, 30ರ ಸಂಜೆ, ಹಗ್ಗ ಹರಿದು 135 ಜನ ಸತ್ತರು. ಅಲ್ಲಿ ಟಿಕೆಟ್ ಇತ್ತು, ಲೆಕ್ಕ ಇರಲಿಲ್ಲ. ಟಿಕೆಟ್ ಕೊಂಡವರಿಗೆ ಸೇತುವೆಯ ಮೇಲೆ ಯಾವ ಅಧಿಕಾರವೂ ಇರಲಿಲ್ಲ. ಫ್ರಾಂಕ್‌ಫರ್ಟಿನ ಕ್ರೋಯ್‌ತ್ಸರ್‌ಗೂ ಮೋರ್ಬಿಯ ಟಿಕೆಟ್ಟಿಗೂ ಇರುವ ಅಂತರ ಇದು. ಒಂದು, ಊರವರು ಹಾಕಿದ ಹಣ ಹುಟ್ಟಿದ ದಿನ ನಿಂತುಹೋದ ಸುಂಕ. ಇನ್ನೊಂದು, ಯಾರದೋ ವ್ಯಾಪಾರ.

ನಮ್ಮಲ್ಲಿ ಆಗುವುದಿಲ್ಲ ಎನ್ನುವವರು ಸುಳ್ಯಕ್ಕೆ ಹೋಗಿ ನೋಡಲಿ. ಗಿರೀಶ್ ಭಾರದ್ವಾಜ್ ಎಂಬ ಎಂಜಿನಿಯರು 1989ರಲ್ಲಿ ಅಲ್ಲಿನ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಊರವರೇ ಬಂದು ಕೇಳಿದ್ದು, ಊರವರೇ ಕೈ ಜೋಡಿಸಿದ್ದು. ಅಲ್ಲಿಂದ ಮುಂದೆ ಅವರು ಹಲವು ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಕಾಲುಸೇತುವೆ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಪದ್ಮಶ್ರೀ ಕೊಟ್ಟ ಸರ್ಕಾರಕ್ಕೆ, ಒಬ್ಬ ಮನುಷ್ಯ ಇಷ್ಟು ಸೇತುವೆ ಕಟ್ಟಬೇಕಾಗಿ ಬಂದದ್ದೇಕೆ ಎಂಬ ಪ್ರಶ್ನೆ ಏಳಲಿಲ್ಲ. 2022ರ ಆಗಸ್ಟ್‌ನಲ್ಲಿ ಅದೇ ಕರಾವಳಿಯ ಉಡುಪಿ ಜಿಲ್ಲೆಯಲ್ಲಿ, ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಬಿದ್ದು ಕೊಚ್ಚಿಹೋದಳು. ಕಾಲುಸಂಕ ಎಂದರೆ ಮರದ ದಿಮ್ಮಿ ಅಡ್ಡ ಹಾಕಿದ್ದು, ನಮ್ಮ ತೆಂಗಿನ ಮರದ ಅಣ್ಣ. ಆಮೇಲೆ ನಾಯಕರು ಹೋದರು, ಪರಿಹಾರ ಕೊಟ್ಟರು. ನಮ್ಮಲ್ಲಿ ಕಾಲುಸೇತುವೆಯ ಅಂದಾಜು ಪಟ್ಟಿ ತಯಾರಾಗುವುದು ಒಂದು ಮಗು ಸತ್ತ ಮೇಲೆ.

ಇದಕ್ಕೆ ಕಾರಣ ಬಡತನವಲ್ಲ. 1946ರ ಫ್ರಾಂಕ್‌ಫರ್ಟಿಗಿಂತ ನಾವು ಬಡವರಲ್ಲ. ಕಾರಣ, ನಡೆಯುವವನ ಬಗ್ಗೆ ನಮಗಿರುವ ತಿರಸ್ಕಾರ. ಕಾರಿಗೆ ಆರು ಪಥದ ಹೆದ್ದಾರಿ ಉಂಟು. ಅದೇ ಹೆದ್ದಾರಿಯನ್ನು ಎಮ್ಮೆ ಹಿಡಿದುಕೊಂಡು ದಾಟುವವನು ಜೀವ ಕೈಯಲ್ಲಿ ಹಿಡಿದು ಓಡಬೇಕು. ಬೆಂಗಳೂರಿನಲ್ಲಿ ಸ್ಕೈವಾಕ್ ಎಂದು ಕಟ್ಟಿದ್ದಾರೆ. ಕಟ್ಟಿದ್ದು ಜಾಹೀರಾತು ಫಲಕ ಹಾಕುವವರು. ಫಲಕಕ್ಕೆ ಕಂಬ ಬೇಕಿತ್ತು, ನಡೆಯುವವರನ್ನು ನೆಪಕ್ಕೆ ಹತ್ತಿಸಿಕೊಂಡರು. ಹಳ್ಳಿಯಲ್ಲಿ ಫಲಕ ನೋಡುವವರಿಲ್ಲ, ಆದ್ದರಿಂದ ಸ್ಕೈವಾಕೂ ಇಲ್ಲ.

ಆಗಸ್ಟ್‌ನಲ್ಲಿ ನಾನು ಊರಿಗೆ ಬಂದು ಸ್ವೀಕೃತಿ ಹಿಡಿದು ಕಚೇರಿಗೆ ಹೋದೆ. ಅಲ್ಲಿದ್ದವರು ಕೆಟ್ಟವರಲ್ಲ. ಕೂರಿಸಿ ಕಾಫಿ ತರಿಸಿದರು. ‘ನಿಮ್ಮ ಹಳ್ಳಕ್ಕೆ ಗಾಡಿ ಓಡಾಡುವ ಸೇತುವೆ ಪ್ರಸ್ತಾವನೆಯಲ್ಲಿದೆ ಸರ್, ನಲವತ್ತು ಲಕ್ಷದ್ದು’ ಎಂದರು. ಅಲ್ಲಿಯವರೆಗೆ ಒಂದು ಲಕ್ಷದ ಕಾಲುಸೇತುವೆ ಮಾಡಿಕೊಡಿ ಎಂದೆ. ‘ಅಷ್ಟು ಚಿಕ್ಕದಕ್ಕೆ ಯಾವ ಹೆಡ್ಡೂ ಇಲ್ಲ’ ಎಂದರು. ಈ ಮಾತನ್ನು ಚಿನ್ನದಲ್ಲಿ ಬರೆಸಬೇಕು. ನಲವತ್ತು ಲಕ್ಷಕ್ಕೆ ಹೆಡ್ಡಿದೆ, ಹಣವಿಲ್ಲ. ಒಂದು ಲಕ್ಷಕ್ಕೆ ಹಣವಿದ್ದೀತು, ಹೆಡ್ಡಿಲ್ಲ. ಅಕ್ಕನ ಸೊಂಟ ಇವೆರಡರ ನಡುವೆ ಬಿದ್ದಿದೆ. ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಜಗುಲಿಯವರೆಗೆ ಬರುತ್ತಾಳೆ. ಎರಡು ಹಸುವನ್ನು ಮಾರಿದರು. ತೆಂಗಿನ ಮರ ಲಡ್ಡಾದ ಮೇಲೆ ಹುಡುಗರು ಎಲ್ಲಿಂದಲೋ ಎರಡು ಹಳೆಯ ಸಿಮೆಂಟಿನ ಕರೆಂಟ್ ಕಂಬ ತಂದು ಅಡ್ಡ ಹಾಕಿದ್ದಾರೆ. ಮಕ್ಕಳು ಅದರ ಮೇಲೆ ಕೈ ಅಗಲಿಸಿ, ಸರ್ಕಸ್ಸಿನವರ ಹಾಗೆ ಹೋಗುತ್ತಾರೆ.

ನನ್ನ ಹಳೆಯ ಮಾತನ್ನು ಇನ್ನೂ ಹಿಡಿದುಕೊಂಡಿರುವ ಗೆಳೆಯರಿದ್ದಾರೆ. ಹಕ್ಕಿನ ಭಾಷೆಯನ್ನು ನಾನು ಬಿಟ್ಟುಕೊಟ್ಟೆ ಎಂದು ಬೈಯುತ್ತಾರೆ. ಶ್ರಮದಾನ, ವಂತಿಗೆ, ದಾನಿಗಳು ಎಂಬ ಮಾತುಗಳ ಹಿಂದೆ ಸರ್ಕಾರ ಬಚ್ಚಿಟ್ಟುಕೊಳ್ಳುತ್ತದೆ ಎನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಆದರೆ ಕಟ್ಟಿ ಸುಮ್ಮನಾಗುವುದು ಬೇರೆ, ಕಟ್ಟಿ ಒಪ್ಪಿಸುವುದು ಬೇರೆ. ನಮ್ಮ ಹಿರಿಯರು ಚಪ್ಪಡಿ ಹಾಕಿದರು, ಹೆಸರು ಬರೆಯಲಿಲ್ಲ, ಲೆಕ್ಕ ಬರೆಯಲಿಲ್ಲ, ಯಾರಿಗೂ ಒಪ್ಪಿಸಲಿಲ್ಲ. ಅದು ಅವರ ದೊಡ್ಡತನ ಎಂದು ನಾನು ಪಾಠದಲ್ಲಿ ಹೊಗಳಿದ್ದೂ ಉಂಟು. ಆದರೆ ದಾಖಲೆಯಲ್ಲಿ ಇಲ್ಲದ ಸೇತುವೆಯನ್ನು ಕಿತ್ತವನು ಏನನ್ನೂ ಕಿತ್ತ ಹಾಗಾಗುವುದಿಲ್ಲ. 2009ರಲ್ಲಿ ಗುತ್ತಿಗೆದಾರನ ಕಾಗದದಲ್ಲಿ ಆ ಜಾಗ ‘ಖಾಲಿ ಹಳ್ಳ’ ಆಗಿತ್ತಂತೆ. ಹಕ್ಕನ್ನು ಬೇಡುವುದಕ್ಕೂ ಕೈಯಲ್ಲಿ ಒಂದು ವಸ್ತು ಬೇಕು. ಇಲ್ಲದ ಸೇತುವೆಯ ಮೇಲಿನ ಹಕ್ಕಿಗಾಗಿ ಮೂರು ಪುಟ ಬರೆದು ನಾನು ಒಂದು ಹೆಂಗಸಿನ ಸೊಂಟ ಮುರಿದೆ. ಮುರಿದದ್ದು ಮರ, ನೀವಲ್ಲ ಎಂದು ನನ್ನ ಹೆಂಡತಿ ಸಮಾಧಾನ ಹೇಳುತ್ತಾಳೆ. ಆ ಮರ ಅಲ್ಲಿ ಇನ್ನೂ ಇದ್ದದ್ದು ನನ್ನ ಭಾಷಣದಿಂದ.

ಅದಕ್ಕೇ ಹೋದ ತಿಂಗಳು ಅದೇ ಅರಳಿಕಟ್ಟೆಗೆ ನಾನೇ ಸಭೆ ಕರೆದೆ. ಫ್ರಾಂಕ್‌ಫರ್ಟಿನ ಕಥೆಯನ್ನೆಲ್ಲ ಹೇಳಿದೆ. ಕ್ರೋಯ್‌ತ್ಸರ್ ಎಂಬ ಮಾತಿಗೆ ಹುಡುಗರು ನಕ್ಕರು. ಎರಡು ಸಾಲು ಕಂಬ, ಆರು ಚಪ್ಪಡಿ, ಎರಡೂ ಬದಿಗೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. 2022ರ ನೀರು ಬಂದ ಎತ್ತರಕ್ಕೆ ದಡದ ಕಲ್ಲಿನಲ್ಲಿ ಒಂದು ಗೆರೆ ಮತ್ತು ಇಸವಿ. ಕೊಟ್ಟವರ ಹೆಸರು, ಕೊಟ್ಟ ಮೊತ್ತ, ಕಲ್ಲಿನ ಬೆಲೆ, ಕೂಲಿ, ಎಲ್ಲವನ್ನೂ ಬರೆದು, ಸೇತುವೆ ಮುಗಿದ ದಿನ ಆ ಲೆಕ್ಕದ ಪುಸ್ತಕವನ್ನೂ ಸೇತುವೆಯನ್ನೂ ಪಂಚಾಯ್ತಿಗೆ ಒಪ್ಪಿಸಿ ರಸೀದಿ ಪಡೆಯುವುದು. ಅದು ಗ್ರಾಮದ ಆಸ್ತಿಯ ಪಟ್ಟಿಗೆ ಏರುವವರೆಗೆ ಕಚೇರಿಯ ಬಾಗಿಲು ಬಿಡದಿರುವುದು. ಮುಂದೆ ಯಾರಾದರೂ ಒಂದು ಚಪ್ಪಡಿ ಅಲ್ಲಾಡಿಸಿದರೂ ಅದು ಸರ್ಕಾರದ ಆಸ್ತಿಗೆ ಕೈ ಹಾಕಿದ ಹಾಗೆ. ನಲವತ್ತು ಲಕ್ಷದ ಸೇತುವೆ ಬಂದರೆ ಬರಲಿ, ಪಕ್ಕದಲ್ಲಿ ಬರಲಿ.

ನಾನು ಹೇಳಿ ಮುಗಿಸಿದಾಗ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ, ಅವತ್ತು ಎರಡು ಸಾವಿರದ ಮಾತು ಎತ್ತಿದ್ದ ನಮ್ಮ ಕೆಳಗಿನ ಕೇರಿಯ ಅಣ್ಣ ಟವೆಲ್ ಕೊಡವಿಕೊಂಡು ಎದ್ದ.

‘ಅಲ್ಲ ಮೇಷ್ಟ್ರೇ, ಇದನ್ನ ಕಲಿಯಾಕೆ ಅಷ್ಟು ದೂರ ಹೋಗಿದ್ರಾ? ನಾವು ಅವತ್ತೇ ಹೇಳಿದ್ವಲ್ಲ!’

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನ ಮಾತು ನಿಜ. ಅವರು ಹೇಳಿದ್ದರಲ್ಲಿ ಇಲ್ಲದೆ ಇದ್ದದ್ದು ಲೆಕ್ಕದ ಪುಸ್ತಕ ಒಂದೇ. ಅದನ್ನು ನಾನು ಚೇಳೂರಿನ ಅಂಗಡಿಯಲ್ಲಿ ಕೊಂಡು ತಂದಿದ್ದೇನೆ. ಮೊದಲ ಪುಟದಲ್ಲಿ ನನ್ನ ಹೆಸರು, ಹತ್ತು ಸಾವಿರ. ಎರಡನೆಯ ಸಾಲಿನಲ್ಲಿ ಅಕ್ಕನ ಹೆಸರಿದೆ. ಬೇಡ ಎಂದರೂ ಕೇಳದೆ, ವಾಕರ್ ಒರಗಿಸಿಟ್ಟು, ಸೆರಗಿನ ಗಂಟು ಬಿಚ್ಚಿ ಇನ್ನೂರು ರೂಪಾಯಿ ಎಣಿಸಿದಳು. ‘ಬರ್ಕೊಳಪ್ಪ, ನಂದೂ ಇರ್ಲಿ’ ಎಂದಳು.

ಬರೆದುಕೊಂಡೆ.